ಇಬ್ಬರಿಗಾಗುವಷ್ಟು ಗಾಳಿ

ಬಿತುಂಗ್
ಸೆಪ್ಟೆಂಬರ್ ೧೪, ೨೦೧೯, ಶನಿವಾರ

ಪ್ರೀತಿಯ ಮಿಯಸ್,

ಮೊದಲು ಬೈಯುವುದನ್ನೆಲ್ಲ ಬೈದು ಮುಗಿಸು, ಆಮೇಲೆ ಓದು. ಈಸ್ಟರ್ ಆದಮೇಲೆ ನಿನಗೆ ಒಂದು ಸಾಲೂ ಬರೆದಿಲ್ಲ. ಪುರುಸೊತ್ತಿರಲಿಲ್ಲ ಎಂದರೆ ಅರ್ಧ ಸುಳ್ಳು. ಇಲ್ಲಿ ಆಗುತ್ತಿದ್ದದ್ದು ಗಟ್ಟಿಯಾಗುವ ತನಕ ಬಾಯಿಬಿಡಬಾರದು ಎಂದುಕೊಂಡಿದ್ದೆ. ಫೋನ್ ಮಾಡಿದಾಗಲೆಲ್ಲ ಅತ್ತೆಯೇ ಎತ್ತಿಕೊಂಡು "ಮಲಗಿದಾನೆ ಕಣಮ್ಮ" ಅನ್ನುತ್ತಾರೆ. ಬೆಳಿಗ್ಗೆ ಮಾಡಿದರೂ ಅದೇ, ಸಂಜೆ ಮಾಡಿದರೂ ಅದೇ. ಕಾಗದವಾದರೆ ನೀನು ಎದ್ದಾಗ ಓದಬಹುದಲ್ಲ. ನಾನೂ ನಿನ್ನ ಮಗಳು ತಿರ್ಜಾಳೂ ಗಟ್ಟಿಯಾಗಿದ್ದೇವೆ. ನಿನ್ನ ಬೆನ್ನಿನ ಹುಣ್ಣು ವಾಸಿಯಾಗಿದೆ ಎಂದು ಅತ್ತೆ ಹೇಳಿದರು; ಆ ದಿನ ನಾನು ನೆಮ್ಮದಿಯಾಗಿ ಎರಡು ತಟ್ಟೆ ಅನ್ನ ಉಂಡೆ.

ಸುದ್ದಿ ಹೇಳುತ್ತೇನೆ. ಇನ್ನು ತಡೆದುಕೊಳ್ಳಲಾರೆ. ಮಿಯಸ್, ನಾನೀಗ ರೂಡಿ ಮಾಮನ ಡೈವಿಂಗ್ ಮನೆಯಲ್ಲಿ ಮುಖ್ಯ ಗೈಡ್. ಸಿಲಿಂಡರ್ ತೊಳೆಯುವವಳಲ್ಲ, ಅತಿಥಿಗಳ ಬಾಲ ಹಿಡಿದು ಹೋಗುವ ಸಹಾಯಕಿಯೂ ಅಲ್ಲ. ದೋಣಿಯಿಂದ ಮೊದಲು ನೀರಿಗೆ ಬೀಳುವವಳು ನಾನು, ಕಡೆಗೆ ಮೇಲೆ ಹತ್ತುವವಳೂ ನಾನು. ಹಲಗೆಯ ಮೇಲೆ ನನ್ನ ಪೂರ್ತಿ ಹೆಸರು, "ಅಡೊಲ್ಫಿನಾ" ಅಂತ, ಸೀಮೆಸುಣ್ಣದಲ್ಲಿ ಬರೆದಿದ್ದಾರೆ. ತಿರ್ಜಾ ಶಾಲೆ ಬಿಟ್ಟ ಮೇಲೆ ಸುಮ್ಮನೆ ಆ ದಾರಿಯಲ್ಲಿ ಬಂದು ಅದನ್ನು ಓದಿಕೊಂಡು ಹೋಗುತ್ತಾಳೆ. ಕೇಳಿದರೆ, "ಉಪ್ಪು ತರೋಕೆ ಬಂದಿದ್ದೆ" ಅನ್ನುತ್ತಾಳೆ.

ಹೇಗಾಯಿತು ಎಂದು ಮೊದಲಿನಿಂದ ಹೇಳುತ್ತೇನೆ. ನೀನು ಅಮ್ಮನ ಮನೆಯಲ್ಲಿ ಒಂದು ತಿಂಗಳು ಇದ್ದು ಬರುತ್ತೇನೆ ಎಂದು ಸಂಗಿಹೆ ದ್ವೀಪಕ್ಕೆ ಹೋದಾಗ ನಾನು ಸಹಾಯಕಿಯಾಗಿ ಆಗಷ್ಟೇ ನೀರಿಗಿಳಿಯಲು ಶುರುಮಾಡಿದ್ದೆನಲ್ಲ. ಈಜು ನನಗೆ ಹೊಸದಲ್ಲ, ನಿನಗೆ ಗೊತ್ತು. ಆದರೆ ಜಲಸಂಧಿಯ ಸೆಳೆತ ಎದುರಾದರೆ ಸಾಕು, ನನ್ನ ಉಸಿರು ಕೈತಪ್ಪುತ್ತಿತ್ತು. ಬಾಯಿಕೊಳವೆಯಿಂದ ಎಷ್ಟು ಎಳೆದರೂ ಸಾಲದು. ಬೇರೆಯವರ ಸಿಲಿಂಡರ್ ಅರ್ಧ ಇರುವಾಗ ನನ್ನದು ಬರಿದಾಗಿ, ನನ್ನಿಂದಾಗಿ ಇಡೀ ಗುಂಪು ಮೇಲಕ್ಕೆ ಬರಬೇಕಾಗುತ್ತಿತ್ತು. ದುಡ್ಡು ಕೊಟ್ಟು ಬಂದ ಅತಿಥಿಗಳು ಮುಖ ಗಂಟಿಕ್ಕುತ್ತಿದ್ದರು. ಗೈಡ್ ನೊವ್ರಿ ನನಗೆ "ಕೆಟಲ್" ಅಂತ ಹೆಸರಿಟ್ಟ. ಸದಾ ಬುಳುಬುಳು ಕುದಿಯುತ್ತಿರುತ್ತೀಯ ಅಂತ. ಅವನು ನನಗಿಂತ ಹದಿನೈದು ವರ್ಷ ಚಿಕ್ಕವನು, ಕೂದಲಿಗೆ ಎಣ್ಣೆ ಹಚ್ಚಿ ಮೀನಿನ ಹಾಗೆ ಹೊಳೆಯುತ್ತಾನೆ. ದೋಣಿಯಲ್ಲಿ ಎಲ್ಲರೆದುರು, "ಅಕ್ಕಾ, ಕುದ್ದಿದ್ದು ಸಾಕು, ಕಾಫಿಪುಡಿ ಹಾಕ್ಲಾ?" ಅನ್ನುತ್ತಿದ್ದ. ನಾನೂ ನಗುತ್ತಿದ್ದೆ. ಮನೆಗೆ ಬಂದು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆಯುತ್ತಿದ್ದೆ.

ಮೇ ತಿಂಗಳಲ್ಲಿ ಮನಾಡೋದಿಂದ ಒಲಿವಿಯಾ ಅಂತ ಒಬ್ಬ ಹುಡುಗಿ ಬಂದಳು. ಅಥ್ಲೀಟುಗಳಿಗೆ ತರಬೇತಿ ಕೊಡುವವಳು. ಓಡುವವರು ಓಟಕ್ಕೆ ಮುಂಚೆ ಕಾಲು ಬಿಸಿಮಾಡಿಕೊಳ್ಳುವ ಹಾಗೆ, ಡೈವ್ ಮಾಡುವವರು ಉಸಿರಾಟದ ಸ್ನಾಯುಗಳನ್ನು ಬಿಸಿಮಾಡಿಕೊಂಡರೆ ನೀರಿನಡಿ ಈಜು ಸುಧಾರಿಸುತ್ತದೆಯೇ ಎಂದು ಪರೀಕ್ಷಿಸಬೇಕಿತ್ತು ಅವಳಿಗೆ. ಅವಳ ಕೈಯಲ್ಲಿ ಒಂದು ಗಿಡ್ಡ ಕೊಳವೆ. ಒಳಗೆ ಸ್ಪ್ರಿಂಗ್, ತಲೆಗೆ ತಿರುಪು. ತಿರುಪು ಬಿಗಿದಷ್ಟೂ ಉಸಿರೆಳೆಯುವುದು ಕಷ್ಟ.

"ಇದೇನಮ್ಮ, ಪೀಪಿನಾ?" ಅಂದ ನೊವ್ರಿ.

"ಊದೋದಲ್ಲ ಅಣ್ಣ, ಎಳಿಯೋದು," ಅಂದಳು ಅವಳು. "ಎದೆಗೂ ಹೊಟ್ಟೆಗೂ ಮಧ್ಯ ಒಂದು ದೊಡ್ಡ ಸ್ನಾಯು ಇದೆ. ನೀರಿನೊಳಗೆ ಗಾಳಿ ಮಂದ ಆಗುತ್ತೆ, ಕೊಳವೆ ತಡೆಯುತ್ತೆ, ಬಿಗಿ ಬಟ್ಟೆ ಒತ್ತುತ್ತೆ. ಆ ಸ್ನಾಯು ಮೇಲಿರೋದಕ್ಕಿಂತ ಜಾಸ್ತಿ ದುಡೀಬೇಕು. ನಿದ್ದೆಯಲ್ಲಿರೋನನ್ನ ಎಬ್ಬಿಸಿ ಒಂದೇ ಸಲ ಮೂಟೆ ಹೊರಿಸಿದ್ರೆ ಏನಾಗುತ್ತೆ?"

"ಬಯ್ತಾನೆ."

"ಅದೇ. ನಿಮ್ಮ ಎದೆನೂ ಬಯ್ಯುತ್ತೆ. ಅದಕ್ಕೆ ಮೊದಲೇ ಸ್ವಲ್ಪ ಮುಖ ತೊಳೆಸಿ ಎಬ್ಬಿಸೋದು."

ಗಂಡಸರು ಹತ್ತು ಜನ ಹೆಸರು ಕೊಟ್ಟರು. ಇನ್ನೊಬ್ಬರು ಬೇಕಿತ್ತು. ರೂಡಿ ಮಾಮ ಅಡುಗೆಮನೆಯ ಕಡೆ ನೋಡಿದ. ನಾನು ಮೆಣಸಿನಕಾಯಿ ಅರೆಯುತ್ತಿದ್ದೆ. ಕೈ ತೊಳೆದುಕೊಂಡು ಬಂದೆ, ಸರಿಯಾಗಿ ತೊಳೆದಿರಲಿಲ್ಲ, ಕೊಳವೆ ಬಾಯಿಗಿಟ್ಟ ತಕ್ಷಣ ತುಟಿಯೆಲ್ಲ ಉರಿ. ಮೊದಲ ದಿನ ನನ್ನ ಎದೆ ಬಿಸಿಯಾಗುವ ಮೊದಲು ಬಾಯಿ ಬಿಸಿಯಾಯಿತು.

ನೋಡಲು ತಮಾಷೆಯ ಕೆಲಸ, ಮಿಯಸ್. ದೋಣಿ ಕಟ್ಟುವ ಜೆಟ್ಟಿಯ ಬೆಂಚಿನ ಮೇಲೆ ಸಾಲಾಗಿ ಕೂತು, ಮೂಗಿಗೆ ಕ್ಲಿಪ್ಪು ಹಾಕಿಕೊಂಡು, ಸುಯ್ ಎಂದು ಬಲವಾಗಿ ಎಳೆಯುವುದು, ನಿಧಾನವಾಗಿ ಬಿಡುವುದು. ಮೂವತ್ತು ಸಲ. ಸ್ವಲ್ಪ ವಿರಾಮ. ಮತ್ತೆ ಮೂವತ್ತು. ಗಲ್ಲದಿಂದ ಜೊಲ್ಲು ಮೊಣಕಾಲಿಗೆ ಇಳಿಯುತ್ತದೆ. ಮೀನು ಹೊರಲು ಬಂದ ಹೆಂಗಸರು ನಿಂತು ನೋಡಿ, "ಪಾಪ, ಎಲ್ಲರಿಗೂ ಒಟ್ಟಿಗೇ ಹಲ್ಲು ಬರ್ತಿದೆ" ಅಂದರು. ಎಳೆದಾದ ಮೇಲೆ ಸ್ವಲ್ಪ ದಣಿವಾರಿಸಿಕೊಂಡು, ನೀರಿಗಿಳಿದು, ಹಗ್ಗದ ಗುರುತಿನವರೆಗೆ ತಳದಲ್ಲೇ ಈಜಬೇಕು. ಒಂದು ದಿನ ಕೊಳವೆ ಎಳೆದು, ಇನ್ನೊಂದು ದಿನ ಎಳೆಯದೆ, ಮತ್ತೊಂದು ದಿನ ಒಲಿವಿಯಾ ಗುಟ್ಟಾಗಿ ತಿರುಪು ಸಡಿಲಿಸಿಟ್ಟ ಕೊಳವೆಯಲ್ಲಿ. ಸಡಿಲಿಸಿದ್ದು ನಮಗೆ ಗೊತ್ತಾಗಬಾರದಂತೆ. ಮನಸ್ಸು ಮಾಡುವ ಮೋಸವನ್ನೂ ಅಳೆಯಬೇಕಲ್ಲ ಅಂದಳು.

ಬಿಗಿ ಕೊಳವೆ ಎಳೆದ ಮೊದಲ ದಿನವೇ ನನಗೆ ಏನೋ ಬೇರೆ ಅನ್ನಿಸಿತು. ನೀರಿಗಿಳಿದ ಮೇಲೆ ಮೊದಲ ಕೆಲವು ನಿಮಿಷ ನನ್ನ ಪಕ್ಕೆಲುಬುಗಳ ಸುತ್ತ ಯಾರೋ ಹಗ್ಗ ಬಿಗಿದಂತಿರುತ್ತಿತ್ತು. ಅವತ್ತು ಆ ಹಗ್ಗವಿರಲಿಲ್ಲ. ಉಸಿರು ಹೊಟ್ಟೆಯ ತಳದವರೆಗೆ ಹೋಗಿ, ಕೂತು, ಮಾತಾಡಿಸಿಕೊಂಡು ಹೊರಗೆ ಬಂತು. ಗುರುತು ಮುಟ್ಟಿ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಹಾದಿ ತಪ್ಪಿದೆನೇನೋ ಅಂತ ಗಾಬರಿಯಾಯಿತು. ತಪ್ಪಿರಲಿಲ್ಲ, ಅವರೆಲ್ಲ ಇನ್ನೂ ಬರುತ್ತಿದ್ದರು.

ಎಲ್ಲರಿಗೂ ಹಾಗಾಯಿತು ಅಂತಲ್ಲ. ಕೆಲವರಿಗೆ ಏನೂ ವ್ಯತ್ಯಾಸವಾಗಲಿಲ್ಲ. ನೊವ್ರಿಗೆ ಎರಡೇ ದಿನಕ್ಕೆ ಬೇಸರ ಬಂದು ಬಿಟ್ಟುಬಿಟ್ಟ. ಒಲಿವಿಯಾ ಒಳ್ಳೆಯ ಹುಡುಗಿ, ಸುಳ್ಳು ಆಸೆ ಹುಟ್ಟಿಸುವವಳಲ್ಲ. "ಅಕ್ಕಾ, ಇದು ಮಂತ್ರ ಅಲ್ಲ. ನೀವು ದಿನಾ ಈಜಿ, ನಿಧಾನಕ್ಕೆ ಉಸಿರಾಡೋದು ಕಲೀರಿ. ಇದು ಬಾಗಿಲು ತೆಗೆಯುತ್ತೆ ಅಷ್ಟೆ, ನಡೆಯೋರು ನೀವೇ," ಅಂದಳು. ಅವಳ ಕೆಲಸ ಮುಗಿದು ಹೊರಟಾಗ ಒಂದು ಕೊಳವೆಯನ್ನು ನನ್ನ ಕೈಯಲ್ಲಿಟ್ಟಳು. ನಾನು ಅವಳಿಗೆ ಹೊಗೆ ಹಾಕಿದ ಚಕಲಾಂಗ್ ಮೀನು ಕಟ್ಟಿಕೊಟ್ಟೆ. ಬಸ್ಸಿನಲ್ಲಿ ಪಕ್ಕದವರು ಜಾಗ ಬಿಟ್ಟು ಎದ್ದುಹೋದರಂತೆ, ಎರಡು ಸೀಟಿನಲ್ಲಿ ಕಾಲು ಚಾಚಿ ಹೋದೆ ಅಂತ ಸಂದೇಶ ಕಳಿಸಿದಳು.

ಆಮೇಲೆ ನಾನು ಬಿಡಲಿಲ್ಲ. ದಿನವೂ ಕೆಲಸಕ್ಕೆ ಮುಂಚೆ ಜೆಟ್ಟಿಯಲ್ಲಿ ಕೂತು ಎಳೆದೆ, ಈಜಿದೆ. ಸಿಲಿಂಡರಿನ ಗಾಳಿ ಅಳೆಯುವ ಮುಳ್ಳು ನಿಧಾನವಾಗಿ ಇಳಿಯಲು ಕಲಿಯಿತು. ಆಗಸ್ಟ್ ಕೊನೆಗೆ ರೂಡಿ ಮಾಮನೆದುರು ನಿಂತು, "ಮುಖ್ಯ ಗೈಡ್ ಪರೀಕ್ಷೆ ಕೊಡಿ" ಅಂದೆ. ಅವನು ಬಾಯಲ್ಲಿದ್ದ ಲವಂಗದ ಸಿಗರೇಟು ತೆಗೆಯದೆ ನನ್ನನ್ನೇ ನೋಡಿದ.

"ಫಿನಾ, ನಿಂಗೆ ಗೊತ್ತಲ್ಲ. ಜೆಟ್ಟಿಯಿಂದ ಬಂಡೆಗೋಡೆ ಹಿಡಿದು, ಮೇಲೆ ತೇಲೋ ಹಳದಿ ಡ್ರಮ್ಮಿನ ಸರಪಳಿ ತನಕ. ಸೆಳೆತ ಎದುರಿಗಿರುವಾಗ. ಸರಪಳಿ ಮುಟ್ಟಿದಾಗ ಸಿಲಿಂಡರಲ್ಲಿ ಅರ್ಧ ಇರ್ಬೇಕು."

"ಗೊತ್ತು."

"ಹೆಂಗಸು ಅಂತ ಸರಪಳಿ ಹತ್ತಿರ ಬರಲ್ಲ."

"ಬರೋದು ಬೇಡ ಮಾಮ. ನಾನೇ ಹೋಗ್ತೀನಿ."

ಪರೀಕ್ಷೆಯ ದಿನ ಜೊತೆಗೆ ಬಂದು ನೋಡುವ ಕೆಲಸ ನೊವ್ರಿಗೆ ಬಿತ್ತು. ನಾನು ಬೆಂಚಿನ ಮೇಲೆ ಕೂತು ಕೊಳವೆ ಎಳೆಯುತ್ತಿದ್ದಾಗ ಅವನು ಗಡಿಯಾರ ತೋರಿಸಿ, "ಕೆಟಲ್ ಒಲೆ ಮೇಲಿದೆ, ಇನ್ನೇನು ಬರ್ತೀವಿ" ಅಂತ ದೋಣಿಯವರಿಗೆ ಕೂಗಿದ. ಕೂಗಲಿ ಎಂದು ನನ್ನ ಮೂವತ್ತು ಮುಗಿಸಿದೆ, ಇನ್ನೊಂದು ಮೂವತ್ತೂ ಮುಗಿಸಿದೆ.

ನೀರು ಅವತ್ತು ಹಸಿರು ಗಾಜಿನಂತಿತ್ತು. ಸೆಳೆತ ಮುಖಕ್ಕೆ ಹೊಡೆಯುತ್ತಿತ್ತು, ಬೀಸಣಿಗೆಯಂಥ ಹವಳಗಳೆಲ್ಲ ನನ್ನ ಕಡೆಗೇ ಬಾಗಿದ್ದವು. ಮಿಯಸ್, ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಈಜಿಲ್ಲ. ಕಾಲಿಗೆ ತೊಟ್ಟ ರಬ್ಬರ್ ರೆಕ್ಕೆ ಒಮ್ಮೆ ಬಡಿದರೆ ಒಂದು ಉಸಿರು, ಇನ್ನೊಮ್ಮೆ ಬಡಿದರೆ ಇನ್ನೊಂದು. ಗೋಡೆಯ ಮೂಲೆ ತಿರುಗುವಾಗ ಸರಪಳಿ ದೂರದಲ್ಲಿ ಕಪ್ಪು ಗೆರೆಯಂತೆ ಕಂಡಿತು. ಮುಳ್ಳು ನೋಡಿದೆ, ಅರ್ಧಕ್ಕಿಂತ ಎಷ್ಟೋ ಮೇಲಿತ್ತು. ನಗು ಬಂದು ಮಾಸ್ಕಿನೊಳಗೆ ನೀರು ನುಗ್ಗಿತು.

ಆಗ ಹಿಂದಿನಿಂದ ಭೋರ್ ಎಂಬ ಸದ್ದು. ತಿರುಗಿದರೆ ನೊವ್ರಿ ಗುಳ್ಳೆಗಳ ಮೋಡದೊಳಗೆ ಕಾಣುತ್ತಲೇ ಇಲ್ಲ. ಅವನ ಬಾಯಿಕೊಳವೆ ಕೆಟ್ಟು, ಗಾಳಿ ತಡೆಯಿಲ್ಲದೆ ಹೊರಗೆ ಸುರಿಯುತ್ತಿತ್ತು. ಅದನ್ನು ಬಡಿದ, ಅಲ್ಲಾಡಿಸಿದ, ನಿಲ್ಲಲಿಲ್ಲ. ಅವನ ಸಿಲಿಂಡರ್ ಕಣ್ಣೆದುರೇ ಬರಿದಾಯಿತು. ನಾನು ತಲುಪುವ ಹೊತ್ತಿಗೆ ಸೆಳೆತ ಅವನನ್ನು ಗೋಡೆಯಿಂದ ಆಚೆಗೆ, ಹಡಗುಗಳು ಓಡಾಡುವ ಕಾಲುವೆಯ ಕಡೆಗೆ ಒಯ್ಯುತ್ತಿತ್ತು. ನನ್ನ ಸಿಲಿಂಡರಿಗೆ ಆಪತ್ತಿಗೆಂದು ಇರುವ ಎರಡನೆಯ ಬಾಯಿಕೊಳವೆಯನ್ನು ಅವನ ಬಾಯಿಗೆ ತುರುಕಿ, ಅವನ ಪಟ್ಟಿಯನ್ನು ಹಿಡಿದೆ. ತಲೆಯ ಮೇಲೆ ಯಾವುದೋ ಹಡಗಿನ ಯಂತ್ರ ಧಡಧಡ ಅನ್ನುತ್ತಿತ್ತು. ಆ ಜಾಗದಲ್ಲಿ ಮೇಲಕ್ಕೆ ಹೋದರೆ ಏನಾಗುತ್ತದೆಂದು ನಿನಗೆ ಹೇಳಬೇಕಾಗಿಲ್ಲ. ಮೊದಲು ಗೋಡೆಗೆ ವಾಪಸ್ಸು ಹೋಗಬೇಕು. ಸೆಳೆತಕ್ಕೆ ಎದುರಾಗಿ, ಒಂದೇ ಸಿಲಿಂಡರಿನಲ್ಲಿ, ಇಬ್ಬರು.

ಅವನು ನನ್ನ ಗಾಳಿಯನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದ. ಕಣ್ಣು ಮಾಸ್ಕಿನ ತುಂಬ ಅಗಲವಾಗಿತ್ತು. ನಾನು ಅವನ ಮುಖದೆದುರು ಕೈ ಹಿಡಿದು, ಮಗುವಿಗೆ ಜೋಗುಳ ಹಾಡುವಾಗ ಆಡಿಸುವ ಹಾಗೆ ನಿಧಾನವಾಗಿ ಆಡಿಸಿದೆ. ಒಳಗೆ, ಹೊರಗೆ. ನನ್ನನ್ನು ನೋಡು. ಒಳಗೆ, ಹೊರಗೆ. ಮೊದಲು ಅವನ ಭುಜ ಇಳಿಯಿತು, ಆಮೇಲೆ ಉಸಿರು. ಆಮೇಲೆ ಕಾಲು ಬಡಿಯಲು ಶುರುಮಾಡಿದ. ಒಬ್ಬರಿಗೊಬ್ಬರು ಜೋತುಬಿದ್ದು ಗೋಡೆಯ ಕಡೆ ತೆವಳಿದೆವು. ನನ್ನ ತೊಡೆ ಉರಿಯುತ್ತಿತ್ತು, ಆದರೆ ಎದೆ ಕೈಬಿಡಲಿಲ್ಲ. ಅದು ಒಂದೇ ಲಯದಲ್ಲಿ ದುಡಿಯಿತು, ರೊಟ್ಟಿ ತಟ್ಟುವ ಕೈಯ ಹಾಗೆ. ಕೊನೆಗೆ ಬೆರಳಿಗೆ ಬಂಡೆ ಸಿಕ್ಕಿತು. ಅದನ್ನು ಹಿಡಿದು ಸ್ವಲ್ಪ ಸ್ವಲ್ಪವೇ ಏರಿದೆವು. ಮೇಲ್ಮೈಗೆ ಹತ್ತಿರ ಅವನು ಆತುರಪಟ್ಟು ಮೇಲಕ್ಕೆ ಜಗ್ಗಿದ. ನಾನು ಬಿಡಲಿಲ್ಲ. ಅಲ್ಲೇ ಹಿಡಿದು ನಿಲ್ಲಿಸಿದೆ, ರಕ್ತದೊಳಗಿನ ಗಾಳಿ ಇಳಿಯಬೇಕಾದಷ್ಟು ಹೊತ್ತೂ ನಿಲ್ಲಿಸಿದೆ. ಆತುರವಾಗಿ ಮೇಲೆ ಬಂದವರ ಮನೆಯಲ್ಲಿ ಏನಾಗುತ್ತದೆಂದು ನನಗೆ ಗೊತ್ತಿದೆ. ಇನ್ನೊಂದು ಮನೆಗೆ ಅದು ಬೇಡ.

ಜೆಟ್ಟಿಯ ಮೆಟ್ಟಿಲ ಮೇಲೆ ಕೂತು ಅವನು ಬಹಳ ಹೊತ್ತು ಕೆಮ್ಮಿದ. ಆಮೇಲೆ ನನ್ನ ಮುಳ್ಳಿನ ಕಡೆ ಬಗ್ಗಿ, "ಅಕ್ಕಾ, ಇನ್ನೂ ಉಳಿದಿದೆಯಾ?" ಅಂದ.

"ಉಳಿದಿದೆ. ಕಾಫಿಪುಡಿ ಇದ್ರೆ ತಾ."

ಅವನಿಗೆ ನಗು ಬಂತು, ನಗುತ್ತಲೇ ಅತ್ತುಬಿಟ್ಟ. ಎಣ್ಣೆ ಹಚ್ಚಿದ ಕೂದಲು ಹಣೆಗೆ ಅಂಟಿಕೊಂಡು ಐದು ವರ್ಷದ ಹುಡುಗನ ಹಾಗೆ ಕಾಣುತ್ತಿದ್ದ.

ರೂಡಿ ಮಾಮ ಓಡಿಬಂದ. ನೊವ್ರಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಇಬ್ಬರಿಗೂ ಬಿಸಿ ಶುಂಠಿ ನೀರು ಕುಡಿಸಿ, ಆಮೇಲೆ ನನ್ನನ್ನು ಕೇಳಿದ, "ಸರಪಳಿ ಮುಟ್ಟಿದ್ಯಾ?"

"ಇಲ್ಲ."

"ಹಾಗಾದ್ರೆ ಪರೀಕ್ಷೆ ಆಗಿಲ್ಲ. ಸೋಮವಾರ ಬಾ."

ನೊವ್ರಿ ಎದ್ದು ನಿಂತ. "ಮಾಮ, ನಾನು ಇಲ್ಲಿ ನಿಂತು ಮಾತಾಡ್ತಿರೋದೇ ಇವರಿಂದ."

"ಅದಕ್ಕೆ ನೀನು ಜೀವಮಾನವಿಡೀ ಇವಳಿಗೆ ಬಾಳೆಹಣ್ಣಿನ ಬಜ್ಜಿ ಕೊಡಿಸು. ಸರಪಳಿ ಬೇರೆ ವಿಷ್ಯ. ನಾಳೆ ಯಾರಾದ್ರೂ, ಅಯ್ಯೋ ಅಂತ ಕರುಣೆ ಬಂದು ಕೊಟ್ರು ಅಂದ್ರೆ?"

ನನಗೆ ಸಿಟ್ಟು ನೆತ್ತಿಗೇರಿತ್ತು. ಮನೆಗೆ ಬಂದು ತಿರ್ಜಾಳಿಗೆ ಹೇಳಿದರೆ, "ಅಮ್ಮ, ಮಾಮ ಹೇಳಿದ್ದು ಸರಿ. ಕರುಣೆಗೆ ಸಿಕ್ಕಿದ್ದು ಅಂದ್ರೆ ನೀನೇ ನನ್ನ ತಲೆ ತಿಂತಿದ್ದೆ" ಅಂದಳು. ಮಾತು ಥೇಟ್ ನಿನ್ನದೇ. ಹದಿನಾರಕ್ಕೇ ಇಷ್ಟು. ಮುಂದೆ ಇವಳನ್ನು ಕಟ್ಟಿಕೊಳ್ಳುವವನಿಗೆ ದೇವರೇ ಗತಿ.

ಸೋಮವಾರ ಹೋದೆ. ಜೆಟ್ಟಿಯ ಬೆಂಚಿನ ಮೇಲೆ ನೊವ್ರಿ ಆಗಲೇ ಕೂತಿದ್ದ, ಮೂಗಿಗೆ ಕ್ಲಿಪ್ಪು ಹಾಕಿಕೊಂಡು. ಮಾರುಕಟ್ಟೆಯಲ್ಲಿ ತನಗೂ ಒಂದು ಕೊಳವೆ ಹುಡುಕಿ, ಸಿಗದೆ, ನನ್ನದನ್ನು ಕೊಡಿ ಅಂದ. ಕೊಡಲಿಲ್ಲ. ಅದು ಹಲ್ಲುಜ್ಜುವ ಬ್ರಷ್ಷಿನ ಹಾಗೆ, ಒಬ್ಬರದು ಒಬ್ಬರಿಗಲ್ಲ. ನಾನು ಎಳೆಯುವಾಗ ಅವನು ಬರಿಬಾಯಲ್ಲಿ ಗಂಭೀರವಾಗಿ ಸುಯ್ ಸುಯ್ ಅಂದ. ಸೆಳೆತ ಹಿಂದಿನ ಸಲಕ್ಕಿಂತ ಜೋರಾಗಿತ್ತು, ನೀರು ಕಲಕಿತ್ತು, ಈಜು ಮೊದಲಿನಷ್ಟು ಚಂದವಾಗಲಿಲ್ಲ. ಒಮ್ಮೆ ಬಂಡೆಗೆ ಮೊಣಕೈ ತರಚಿತು. ಆದರೂ ಸರಪಳಿ ಮುಟ್ಟಿದೆ. ಪಾಚಿ ಹಿಡಿದು ಲೋಳೆಲೋಳೆಯಾಗಿತ್ತು. ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಮುಳ್ಳು ನೋಡಿದೆ. ಅರ್ಧಕ್ಕಿಂತ ಒಂದು ಕೂದಲೆಳೆ ಮೇಲೆ. ನೊವ್ರಿ ನೀರಿನೊಳಗೇ ಕುಣಿದ, ಅವನ ಗುಳ್ಳೆಗಳನ್ನು ನೋಡಬೇಕಿತ್ತು ನೀನು.

ಈ ವಾರ ನನ್ನ ಮೊದಲ ಗುಂಪನ್ನು ಕರೆದುಕೊಂಡು ಹೋದೆ. ಕೊರಿಯಾದ ಗಂಡ ಹೆಂಡತಿ, ಮಕಾಸರ್‌ನ ಒಬ್ಬ ದಂತವೈದ್ಯ. ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿ ದೀರ್ಘವಾಗಿ ಉಸಿರೆಳೆಸಿದೆ. ದಂತವೈದ್ಯ ಮೂಗು ಮುರಿದ. ಕಪ್ಪು ಮರಳಿನಲ್ಲಿ ನಾನು ಅಪರೂಪದ ಕೂದಲುಳ್ಳ ಕಪ್ಪೆಮೀನು ತೋರಿಸಿದ ಮೇಲೆ ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದ.

ನಿನಗಾಗಿ ಒಲಿವಿಯಾಳಿಗೆ ಹೇಳಿ ಒಂದು ಹೊಸ ಕೊಳವೆ ತರಿಸಿದ್ದೇನೆ, ಈ ಕಾಗದದ ಜೊತೆ ಕಟ್ಟಿದ್ದೇನೆ. ನೀನು ಆತುರವಾಗಿ ಮೇಲೆ ಬಂದು ಕಾಲಿನ ಸ್ವಾಧೀನ ಕಳೆದುಕೊಂಡ ಮೇಲೆ ಎದೆಯೂ ಸೋತಿತ್ತಲ್ಲ, ಕೆಮ್ಮಿದರೆ ಕಫ ಕೀಳಲಾಗದೆ ಕಣ್ಣಲ್ಲಿ ನೀರು ಬರುತ್ತಿತ್ತು. ಕೂತೇ ಇರುವವರಿಗೂ ಇದು ಕೆಲವೊಮ್ಮೆ ಸಹಾಯ ಮಾಡುತ್ತದಂತೆ. ಕಾಲು ಬರುತ್ತದೆ ಅಂತ ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಮೊದಲು ಆಸ್ಪತ್ರೆಯ ನರ್ಸಿಗೆ ತೋರಿಸು, ಅವಳು ಹೂಂ ಅಂದರೆ ತಿರುಪು ಪೂರ್ತಿ ಸಡಿಲಿಸಿ ಶುರುಮಾಡು. ತಲೆ ಸುತ್ತಿದರೆ ನಿಲ್ಲಿಸು. ಹಟ ಮಾಡಬೇಡ.

ಅತ್ತೆಗೆ ನನ್ನ ನಮಸ್ಕಾರ. ಅವರಿಗೆ ಬೇಕಾಗಿದ್ದ ಮಂಡಿನೋವಿನ ಎಣ್ಣೆಯೂ ಕಟ್ಟಿನಲ್ಲಿದೆ. ತಿರ್ಜಾ ಅಪ್ಪನಿಗೆ ಎರಡು ಮುತ್ತು ಕಳಿಸಿದ್ದಾಳೆ, ಒಂದು ಅಜ್ಜಿಗೆ ಕೊಡಬಹುದಂತೆ. ದೇವರು ನಿನ್ನ ಬೆನ್ನಿಗೆ ತನ್ನ ಅಂಗೈ ಇಟ್ಟಿರಲಿ, ನಿನ್ನ ಎದೆಯಲ್ಲಿ ಗಾಳಿ ಸರಾಗವಾಗಿ ಓಡಾಡಲಿ, ಊಟ ರುಚಿಸಲಿ, ನಿದ್ದೆ ಹಗುರಾಗಿರಲಿ.

ನಿನ್ನ
ಫಿನಾ

ಮತ್ತೆ: ಮರೆತು ಬಿಟ್ಟುಹೋಗಿತ್ತು ಅಂತ ಬರೆಯಲಾರೆ. ಮರೆತಿಲ್ಲ. ಜುಲೈನಲ್ಲಿ ನಿನ್ನ ತಮ್ಮ ಹೆಂಗ್ಕಿ ಬಂದಿದ್ದ. ಕೊಟ್ಟ ಕಾಫಿ ಮುಟ್ಟಲಿಲ್ಲ, ನನ್ನ ಮುಖ ನೋಡಲಿಲ್ಲ. "ಅತ್ತಿಗೆ, ಅಣ್ಣ ಇನ್ನು ಬಿತುಂಗ್‌ಗೆ ಬರಲ್ಲ. ನೀವು ಕಾಯೋದು ಬೇಡ ಅಂದಿದಾನೆ. ನಿಮಗಿನ್ನೂ ವಯಸ್ಸಿದೆ, ಯಾರನ್ನಾದ್ರೂ ನೋಡ್ಕೊಂಡ್ರೆ ಅವನಿಗೆ ಬೇಜಾರಿಲ್ಲವಂತೆ," ಅಂದ. ನಿನ್ನ ಬಟ್ಟೆ ಕೊಡಿ ಅಂದ. ಕೊಡಲಿಲ್ಲ. ತಿರ್ಜಾ ಅಡುಗೆಮನೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಅದಾದ ಮೇಲೆ ಎಷ್ಟೋ ದಿನ ನಾನು ನೀರಿನೊಳಗೆ ಹೋಗಿ ಅತ್ತಿದ್ದೇನೆ. ಅಲ್ಲಿ ಯಾರಿಗೂ ಕಾಣುವುದಿಲ್ಲ.

ಅಕ್ಟೋಬರ್ ಮೊದಲ ವಾರ ರಜೆ ಸಿಕ್ಕಿದೆ. ಸಂಗಿಹೆಯ ತಹುನಾ ಬಂದರಿಗೆ ಬರುವ ಹಡಗಿಗೆ ನನಗೂ ತಿರ್ಜಾಳಿಗೂ ಟಿಕೆಟ್ ತೆಗೆಸಿದ್ದೇನೆ. ಬೇಡ ಅನ್ನುವುದಿದ್ದರೆ ನನ್ನ ಮುಖ ನೋಡಿ ನೀನೇ ಅನ್ನು, ಕೇಳಿಸಿಕೊಳ್ಳುತ್ತೇನೆ. ಹೆಂಗ್ಕಿಯ ಬಾಯಲ್ಲಿ ಬಂದ ಮಾತಿಗೆ ನಾನು ಉತ್ತರ ಕೊಡುವುದಿಲ್ಲ. ನನ್ನನ್ನು ಮದುವೆಯಾಗು ಅಂತ ಕೇಳಲು ನೀನೇ ಬಂದಿದ್ದೆ ಮಿಯಸ್, ತಮ್ಮನನ್ನು ಕಳಿಸಿರಲಿಲ್ಲ.